ಕಂದುಕದಿಂದ ಕಾಲ್ಚೆಂಡಿನವರೆಗೆ

ಹೆಣ್ಣುಮಕ್ಕಳ ಕಾಲ್ಚೆಂಡಾಟವನ್ನು ಕುರಿತು ಬರೆಯುವುದಕ್ಕೆ ಒಬ್ಬ ಕನ್ನಡ ಪಂಡಿತನಿಗೆ ಏನು ಅಧಿಕಾರವೆಂದು ವಾಚಕರು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ ಸರಿ. ಛಂದಸ್ಸು, ವ್ಯಾಕರಣ, ನಡುಗನ್ನಡ ಕಾವ್ಯ ಇವುಗಳ ಪಾಠ ಹೇಳುತ್ತ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಹುಟ್ಟಿದ್ದು ಲಿಂಗಸುಗೂರಿನ ಸೀಮೆಯಲ್ಲಿ. ಬಹುಕಾಲ ಅನ್ನ ತಿಂದದ್ದು ಸಿಂಧನೂರಿನ ನೀರಾವರಿ ನೆಲದಲ್ಲಿ. ಈಗ ಇರುವುದು ಮಸ್ಕಿಯಲ್ಲಿ. ಆಟದ ಬಯಲಿಗೂ ನನಗೂ ಇದ್ದ ನಂಟೆಂದರೆ, ಗಂಟೆ ಬಾರಿಸಿದ ಮೇಲೂ ಒಳಕ್ಕೆ ಬಾರದ ಹುಡುಗರನ್ನು ಗದರಿಸಿ ಕರೆಯುವುದು, ಅಷ್ಟೆ. ಆದರೂ ಈ ವಿಷಯ ನನ್ನನ್ನು ಬಿಡದೆ ಕಾಡುತ್ತಿರುವುದಕ್ಕೆ ಒಂದು ಕಾರಣವುಂಟು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಮೊದಲು ಚರಿತ್ರೆಯನ್ನು ನೋಡೋಣ.

ಚೆಂಡು ನಮ್ಮ ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ಸಂಸ್ಕೃತದ ‘ಕಂದುಕ’ ಹಳೆಯ ಕಾವ್ಯಗಳಲ್ಲಿ ಮತ್ತೆ ಮತ್ತೆ ಪುಟಿಯುತ್ತದೆ. ಏಳನೆಯ ಶತಮಾನದ ಸುಮಾರಿನಲ್ಲಿ ಕಂಚಿಯ ಪಲ್ಲವರ ಆಶ್ರಯದಲ್ಲಿದ್ದನೆಂದು ಹೇಳುವ ದಂಡಿ ಮಹಾಕವಿಯ ‘ದಶಕುಮಾರಚರಿತ’ದಲ್ಲಿ ಕಂದುಕಾವತಿಯೆಂಬ ರಾಜಕುಮಾರಿಯೇ ಇದ್ದಾಳೆ. ಆಕೆ ವಿಂಧ್ಯವಾಸಿನೀ ದೇವಿಯ ಪ್ರೀತ್ಯರ್ಥವಾಗಿ ಪ್ರತಿ ತಿಂಗಳೂ ಕೃತ್ತಿಕಾ ನಕ್ಷತ್ರದ ದಿವಸ ನೆರೆದ ಜನರ ಎದುರಿನಲ್ಲಿ ಚೆಂಡಾಡುತ್ತಾಳೆ. ಚೆಂಡು ನೆಲಕ್ಕೆ ತಗಲಿ ಏಳುವ ಬಗೆ, ಹಸ್ತದ ಚಳಕ, ಹೆಜ್ಜೆಯ ಲೆಕ್ಕ ಇವನ್ನೆಲ್ಲ ಕವಿ ಆಟವನ್ನು ಬಲ್ಲವನಂತೆಯೇ ವರ್ಣಿಸಿದ್ದಾನೆ. ಇನ್ನು ಮಹಾಭಾರತದಲ್ಲಿ, ಕೌರವ ಪಾಂಡವರು ಬಾಲಕರಾಗಿದ್ದಾಗ ಆಡುತ್ತಿದ್ದ ಚೆಂಡು ಬಾವಿಗೆ ಬಿದ್ದು, ದ್ರೋಣಾಚಾರ್ಯರು ಅದನ್ನು ಮೇಲೆತ್ತಿಕೊಟ್ಟ ಕಥೆಯನ್ನು ಅರಿಯದವರಾರು? ಆ ಚೆಂಡಿನಿಂದಲೇ ಆ ರಾಜಕುಮಾರರಿಗೆ ಗುರು ದೊರೆತದ್ದು, ವಿದ್ಯೆ ದೊರೆತದ್ದು.

ಈ ಎರಡು ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಗಂಡುಮಕ್ಕಳ ಕೈಯ ಚೆಂಡು ಶಸ್ತ್ರವಿದ್ಯೆಗೆ ದಾರಿಯಾಯಿತು. ಕಂದುಕಾವತಿಯ ಕೈಯ ಚೆಂಡು ಯಾವುದಕ್ಕೆ ದಾರಿಯಾಯಿತು? ತಕ್ಕ ವರನು ದೊರೆಯಲೆಂದೇ ಆಕೆಯ ಆ ವ್ರತ. ಆಕೆಗೆ ಎದುರಾಳಿಯಿರಲಿಲ್ಲ, ಸೋಲು ಗೆಲವುಗಳಿರಲಿಲ್ಲ; ನೆರೆದವರು ನೋಡಿದ್ದು ಆಟವನ್ನಲ್ಲ, ಆಡುವವಳನ್ನು. ಸ್ತ್ರೀಯರು ಚೆಂಡನ್ನು ಮುಟ್ಟಲೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಮುಟ್ಟಿದರು; ಆದರೆ ಗೆಲ್ಲುವುದಕ್ಕಾಗಿ, ತಮ್ಮ ಸಂತೋಷಕ್ಕಾಗಿ, ತಮ್ಮ ಹೊಟ್ಟೆಯ ಪಾಡಿಗಾಗಿ ಮುಟ್ಟಲು ಅವರಿಗೆ ಬಹುಕಾಲ ಹಿಡಿಯಿತು. ಈ ಲೇಖನದ ವಸ್ತು ಆ ಬಹುಕಾಲದ ಕಥೆಯೇ.

ನಾವು ಈಗ ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ದೇಶಕ್ಕೆ ಬಂದದ್ದು ಆಂಗ್ಲರ ದಂಡಿನೊಡನೆ. ಸಿಮ್ಲಾದಲ್ಲಿ ೧೮೮೮ರಲ್ಲಿ ಡ್ಯೂರಾಂಡ್ ಕಪ್ ಪಂದ್ಯಗಳೂ, ಮುಂಬಯಿಯಲ್ಲಿ ೧೮೯೧ರಲ್ಲಿ ರೋವರ್ಸ್ ಕಪ್ ಪಂದ್ಯಗಳೂ ಪ್ರಾರಂಭವಾದವು. ಮೊದಮೊದಲು ಕಪ್ಪುಗಳೆಲ್ಲ ಬಿಳಿಯ ಪಟಾಲಮ್ಮುಗಳ ಪಾಲಿಗೇ ಹೋಗುತ್ತಿದ್ದವು. ೧೯೧೧ರಲ್ಲಿ ಕಲಕತ್ತೆಯ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ಪಟಾಲಮ್ಮನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಾಗ, ಆಟವೆಂಬುದು ಆಟಕ್ಕಿಂತ ಹೆಚ್ಚಿನ ಅರ್ಥವನ್ನು ಪಡೆಯಿತು. ದಂಡು ಬಿಡಾರ ಹೂಡಿದಲ್ಲೆಲ್ಲ ಬಿಳಿಯರ ಆಟಗಳೂ ಬಿಡಾರ ಹೂಡುತ್ತಿದ್ದವು. ನಮ್ಮ ಲಿಂಗಸುಗೂರು ಕೂಡ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಠಾಣೆಯಾಗಿ, ೧೯೦೫ರ ವರೆಗೆ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಊರು. ನಾನು ತೊಗಲಿನ ಚೆಂಡನ್ನು ಮೊಟ್ಟಮೊದಲು ಕಂಡದ್ದು ಅದೇ ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಾಲೊನಿಯ ಬಯಲಿನಲ್ಲಿ. ಪಾಳಿ ಮುಗಿಸಿ ಬಂದ ಗಣಿಯ ಯುವಕರು ಸಂಜೆ ಆಡುತ್ತಿದ್ದರು. ನಾವು ಬೇಲಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ಆ ಬೇಲಿಯ ಮರೆಯಲ್ಲಿ ಹುಡುಗಿಯರೂ ಇದ್ದರೆಂಬುದು ನನಗೆ ಈಗ ನೆನಪಾಗುತ್ತಿದೆ. ಆಗ ಅದು ಲಕ್ಷ್ಯಕ್ಕೆ ಬಂದಿರಲಿಲ್ಲ.

ಕನ್ನಡನಾಡಿನ ಕಾಲ್ಚೆಂಡಾಟದ ಕೀರ್ತಿ ಸಣ್ಣದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ ೧೯೩೭ರಲ್ಲಿಯೂ ೧೯೩೮ರಲ್ಲಿಯೂ ರೋವರ್ಸ್ ಕಪ್ಪನ್ನು ಗೆದ್ದಿತು. ಮೈಸೂರು ತಂಡ ೧೯೪೬-೪೭ರಲ್ಲಿ, ಮತ್ತೆ ೧೯೫೨-೫೩ರಲ್ಲಿ, ಆಮೇಲೆ ೧೯೬೭-೬೮ ಮತ್ತು ೧೯೬೮-೬೯ರಲ್ಲಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡಕ್ಕೆ ದೊರೆತ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಐವತ್ತನಾಲ್ಕು ವರ್ಷಗಳ ಬರಗಾಲದ ನಂತರ ೨೦೨೩ರ ಮಾರ್ಚಿಯಲ್ಲಿ ಕರ್ನಾಟಕ ತಂಡ ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಈ ಹೆಮ್ಮೆಯ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಅದು ಬೇರೆ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ನಮಗೆ ಯಾರೂ ಪಾಠ ಮಾಡಲಿಲ್ಲ.

ಹೆಣ್ಣುಮಕ್ಕಳಿಗೆ ಬಯಲನ್ನು ಕೊಡದಿದ್ದುದು ನಮ್ಮ ದೇಶದ ಹಿಂದುಳಿದ ಸ್ಥಿತಿಯಿಂದ ಎಂದು ಕೆಲವರು ತಿಳಿದಿರುವುದುಂಟು. ಅದು ಅಷ್ಟು ಸರಳವಲ್ಲ. ಆಟವನ್ನು ಹುಟ್ಟಿಸಿದ ಇಂಗ್ಲೆಂಡಿನ ಕಥೆಯನ್ನೇ ಕೇಳಿ. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಿಗೆ ಬಂದರು. ಪ್ರೆಸ್ಟನ್ ನಗರದ ಡಿಕ್ ಕೆರ್ ಎಂಬ ಕಾರ್ಖಾನೆಯ ಹೆಂಗಸರು ೧೯೧೭ರಲ್ಲಿ ಒಂದು ತಂಡವನ್ನು ಕಟ್ಟಿ, ಗಾಯಾಳು ಸೈನಿಕರ ಸಹಾಯಾರ್ಥವಾಗಿ ಪಂದ್ಯಗಳನ್ನು ಆಡತೊಡಗಿದರು. ೧೯೨೦ರ ಡಿಸೆಂಬರ್ ೨೬ರಂದು ಲಿವರ್‌ಪೂಲಿನಲ್ಲಿ ಅವರ ಪಂದ್ಯವನ್ನು ನೋಡಲು ಬಂದವರು ಐವತ್ತಮೂರು ಸಾವಿರ ಜನ! ಮರುವರ್ಷವೇ, ೧೯೨೧ರ ಡಿಸೆಂಬರಿನಲ್ಲಿ, ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಅಧೀನದ ಕ್ಲಬ್ಬುಗಳು ಅವರಿಗೆ ಬಯಲನ್ನು ಕೊಡಕೂಡದೆಂದು ಅಪ್ಪಣೆ ಮಾಡಿತು. ಯಾರೂ ನೋಡಲು ಬಾರದ ಆಟವನ್ನು ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಐವತ್ತು ಸಾವಿರ ಜನ ಬಂದರು, ಅದಕ್ಕಾಗಿಯೇ ನಿಲ್ಲಿಸಬೇಕಾಯಿತು ಎನ್ನದೆ ವಿಧಿಯಿಲ್ಲ. ಆ ನಿಷೇಧ ಐದು ದಶಕಗಳ ಕಾಲ ನಡೆಯಿತು.

ಹಾಲೆಂಡ್, ಅಂದರೆ ನೆದರ್ಲೆಂಡ್ಸ್, ಸಿಂಧನೂರಿನವರಿಗೆ ಸುಲಭವಾಗಿ ಅರ್ಥವಾಗಬಲ್ಲ ದೇಶ. ಅದು ಕಾಲುವೆಗಳ ನಾಡು. ನಾವು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಒಣನೆಲಕ್ಕೆ ನೀರನ್ನು ತಂದೆವು. ಅವರು ಕಾಲುವೆಗಳಿಂದ ತಗ್ಗುನೆಲದ ನೀರನ್ನು ಹೊರಕ್ಕೆ ಹಾಕಿದರು. ಆ ದೇಶದ ಫುಟ್‌ಬಾಲ್ ಸಂಘವೂ ೧೯೫೫ರಲ್ಲಿ ಹೆಂಗಸರ ಪಂದ್ಯಗಳಿಗೆ ಬಯಲನ್ನು ಕೊಡಬಾರದೆಂದು ತನ್ನ ಕ್ಲಬ್ಬುಗಳಿಗೆ ವಿಧಿಸಿತು. ಅದೇ ವರ್ಷ ಪಶ್ಚಿಮ ಜರ್ಮನಿಯಲ್ಲಿಯೂ ಇಂತಹದೇ ನಿಷೇಧ ಬಂದಿತು. ಹಾಲೆಂಡಿನ ಹೆಂಗಸರು ಸಿಕ್ಕ ಬಯಲಿನಲ್ಲಿ ಆಡುತ್ತಲೇ ಇದ್ದರು. ೧೯೭೧ರ ಏಪ್ರಿಲ್ ೧೭ರಂದು ಫ್ರಾನ್ಸಿನ ಹಾಜ಼್‌ಬ್ರೂಕ್ ಎಂಬ ಊರಿನಲ್ಲಿ ಫ್ರಾನ್ಸಿನ ಮತ್ತು ಹಾಲೆಂಡಿನ ಹೆಂಗಸರ ತಂಡಗಳು ಎದುರಾದವು. ಹಾಲೆಂಡ್ ನಾಲ್ಕು ಗೋಲುಗಳಿಂದ ಸೋತಿತು. ಸೋತರೇನು? ಹೆಂಗಸರ ಅಂತರರಾಷ್ಟ್ರೀಯ ಪಂದ್ಯಗಳ ಪೈಕಿ ಜಾಗತಿಕ ಸಂಸ್ಥೆಯಾದ ಫಿಫಾ ಮೊದಲನೆಯದೆಂದು ಮಾನ್ಯ ಮಾಡಿರುವುದು ಆ ಪಂದ್ಯವನ್ನೇ.

ಅಲ್ಲಿಂದ ಮುಂದೆ ಹಾಲೆಂಡಿನಲ್ಲಿ ವೃತ್ತಿಪರ ಕ್ಲಬ್ಬುಗಳ ಮಹಿಳಾ ಲೀಗ್ ಏರ್ಪಡಲು ಇನ್ನೂ ಮೂವತ್ತಾರು ವರ್ಷ ಬೇಕಾಯಿತು. ೨೦೦೭ರಲ್ಲಿ ಆರು ಕ್ಲಬ್ಬುಗಳು ತಮ್ಮ ಮಹಿಳಾ ತಂಡಗಳನ್ನು ಕಣಕ್ಕಿಳಿಸಿದವು. ಆಡುವವರಲ್ಲಿ ಬಹುಮಂದಿ ಓದಿನೊಡನೆಯೋ ಬೇರೆ ಉದ್ಯೋಗದೊಡನೆಯೋ ಆಟವನ್ನು ಸಾಗಿಸುತ್ತಿದ್ದರು. ಮೊದಲ ಮೂರು ವರ್ಷವೂ ಗೆದ್ದದ್ದು ಆಲ್ಕ್‌ಮಾರ್ ನಗರದ ಎ.ಝಡ್. ಎಂಬ ಕ್ಲಬ್ಬು. ಸತತವಾಗಿ ಮೂರು ಸಲ ಗೆದ್ದ ಆ ಕ್ಲಬ್ಬು ೨೦೧೧ರಲ್ಲಿ ಹಣದ ಅಡಚಣೆಯ ಕಾರಣ ತನ್ನ ಮಹಿಳಾ ತಂಡವನ್ನೇ ಮುಚ್ಚಿತು! ಗಂಡಸರ ತಂಡ ಸೋತರೂ ಉಳಿಯುತ್ತದೆ, ಹೆಂಗಸರ ತಂಡ ಗೆದ್ದರೂ ಉಳಿಯುವ ಭರವಸೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಉಳಿದ ಕ್ಲಬ್ಬುಗಳು ಲೀಗನ್ನು ಕೈಬಿಡಲಿಲ್ಲ. ಕೆಲವು ಕಾಲ ನೆರೆಯ ಬೆಲ್ಜಿಯಮ್ಮಿನ ಕ್ಲಬ್ಬುಗಳೊಡನೆ ಕೂಡಿ ಆಡಿದರು. ಎನ್‌ಸ್ಕೆಡೆಯ ಟ್ವೆಂಟೆ ಕ್ಲಬ್ಬು ಬಲವಾಗಿ ಬೆಳೆಯಿತು. ೨೦೧೭ರ ಆಗಸ್ಟ್ ೬ರಂದು, ಅದೇ ಎನ್‌ಸ್ಕೆಡೆಯಲ್ಲಿ, ಹಾಲೆಂಡಿನ ಹೆಂಗಸರು ಡೆನ್ಮಾರ್ಕನ್ನು ನಾಲ್ಕಕ್ಕೆ ಎರಡು ಗೋಲುಗಳಿಂದ ಸೋಲಿಸಿ ಯೂರೋಪಿನ ಪ್ರಶಸ್ತಿಯನ್ನು ಪಡೆದರು. ೨೦೧೯ರಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯದವರೆಗೆ ಹೋದರು. ಎ.ಝಡ್. ಕ್ಲಬ್ಬೂ ಕಾಲಾನಂತರ ಮಹಿಳಾ ತಂಡವನ್ನು ಮತ್ತೆ ಕಟ್ಟಿಕೊಂಡಿತು. ಆರು ಕ್ಲಬ್ಬುಗಳ ಒಂದು ಸಣ್ಣ ಲೀಗಿನಿಂದ ಯೂರೋಪಿನ ಪ್ರಶಸ್ತಿಯವರೆಗೆ ಹಿಡಿದದ್ದು ಹತ್ತೇ ವರ್ಷ.

ಇನ್ನು ನಮ್ಮ ದೇಶದ ಕಥೆ. ೧೯೭೫ರಲ್ಲಿ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ ಎಂಬ ಸ್ವತಂತ್ರ ಸಂಸ್ಥೆ ಏರ್ಪಟ್ಟು, ಅದೇ ವರ್ಷ ಲಖನೌ ನಗರದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅಲ್ಲಿಂದ ಐದು ವರ್ಷ ತುಂಬುವುದರೊಳಗೆ, ೧೯೮೦ರ ಜನವರಿಯಲ್ಲಿ, ಏಷ್ಯಾ ಖಂಡದ ಮಹಿಳಾ ಪಂದ್ಯಾವಳಿ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿಯೇ ನಡೆಯಿತು. ಆತಿಥೇಯ ಭಾರತದಿಂದ ಎರಡು ತಂಡಗಳು ಆಡಿದವು. ಅವುಗಳಲ್ಲಿ ಒಂದು ಅಂತಿಮ ಪಂದ್ಯವನ್ನು ತಲುಪಿ ತೈವಾನಿನ ತಂಡಕ್ಕೆ ಸೋತಿತು. ೧೯೮೧ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ. ೧೯೮೩ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯ ಸ್ಥಾನ. ಬಂಗಾಳದ ಶಾಂತಿ ಮಲ್ಲಿಕ್ ೧೯೮೩ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿಯಾದರು. ಆ ಪೀಳಿಗೆಯಲ್ಲಿ ಭಾರತದ ಪರವಾಗಿ ಆಡಿದವರಲ್ಲಿ ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಕೂಡ ಒಬ್ಬರು. ೧೯೮೨ರ ದೆಹಲಿ ಏಷ್ಯನ್ ಕ್ರೀಡೆಗಳ ವಾರ್ತೆಯನ್ನು ಊರ ಚಾವಡಿಯ ರೇಡಿಯೋದಲ್ಲಿ ಕಿವಿಗೊಟ್ಟು ಕೇಳಿದ ಬಾಲಕ ನಾನು. ಆದರೆ ಅದೇ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾದಲ್ಲಿ ಎರಡನೆಯವರಾಗಿದ್ದರೆಂಬುದು ನನ್ನ ಕಿವಿಗೆ ಬಿದ್ದಿರಲಿಲ್ಲ. ಏಷ್ಯನ್ ಕ್ರೀಡೆಗಳಲ್ಲಿ ಮಹಿಳೆಯರ ಕಾಲ್ಚೆಂಡಾಟ ಸೇರಿದ್ದೇ ೧೯೯೦ರಲ್ಲಿ. ಅವರ ಮೊದಲ ವಿಶ್ವಕಪ್ ನಡೆದದ್ದು ೧೯೯೧ರಲ್ಲಿ.

ಹಾಲೆಂಡ್ ತನ್ನ ಮೊದಲ ಪಂದ್ಯವನ್ನು ಸೋತು ನಿಧಾನವಾಗಿ ಮೇಲೇರಿತು. ಭಾರತ ಮೊದಲೇ ಮೇಲೇರಿ, ಆಮೇಲೆ ಇಳಿಯಿತು. ಇದಕ್ಕೆ ಕಾರಣವೇನು? ಹೆಣ್ಣುಮಕ್ಕಳ ಶಕ್ತಿ ಕುಂದಿತೆ? ಇಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಮಹಿಳೆಯರ ಆಟವೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತಕ್ಕೆ ಬಂದಿತು. ರಾಜ್ಯ ರಾಜ್ಯಗಳ ನಡುವೆ ವರ್ಷಕ್ಕೊಂದು ಪಂದ್ಯಾವಳಿ ನಡೆಯುತ್ತಿತ್ತು. ಉಳಿದ ತಿಂಗಳುಗಳಲ್ಲಿ ಆಡುವುದೆಲ್ಲಿ? ಕಲಿಸುವವರಾರು? ಊಟಕ್ಕೆ ದಾರಿಯೇನು? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಕ್ಲಬ್ಬು; ಆ ಕ್ಲಬ್ಬೇ ಇರಲಿಲ್ಲ. ಒಂದು ಗಿಡಕ್ಕೆ ವರ್ಷಕ್ಕೊಮ್ಮೆ ಎಷ್ಟೇ ನೀರು ಸುರಿದರೂ ಅದು ಬದುಕಲಾರದೆಂಬುದನ್ನು ಕಾಲುವೆಯ ಕೊನೆಯ ಭಾಗದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಇಂತಹ ಕಾಲದಲ್ಲಿಯೂ ಆಟವನ್ನು ಕಾಪಾಡಿದ ನಾಡು ಮಣಿಪುರ. ರಾಷ್ಟ್ರೀಯ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದವರು ಮಣಿಪುರದ ಹೆಣ್ಣುಮಕ್ಕಳೇ. ಅವರಲ್ಲಿ ಒಬ್ಬರಾದ ಓಯ್ನಾಂ ಬೆಂಬೆಂ ದೇವಿ ೨೦೧೪ರಲ್ಲಿ ಮಾಲ್ಡೀವ್ಸ್ ದೇಶದ ಕ್ಲಬ್ಬೊಂದಕ್ಕೆ ಆಡಿದರು. ೨೦೧೭ರಲ್ಲಿ ಅರ್ಜುನ ಪ್ರಶಸ್ತಿಯನ್ನೂ ೨೦೨೦ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಅದೇ ನಾಡಿನ ಬಾಲಾ ದೇವಿ ೨೦೨೦ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನೊಡನೆ ವೃತ್ತಿಪರ ಒಪ್ಪಂದ ಮಾಡಿಕೊಂಡರು.

ಕ್ಲಬ್ಬುಗಳ ನಡುವಿನ ಭಾರತ ಮಹಿಳಾ ಲೀಗ್ ಕೊನೆಗೂ ೨೦೧೭ರಲ್ಲಿ ದೆಹಲಿಯಲ್ಲಿ ಪ್ರಾರಂಭವಾಯಿತು. ಹಾಲೆಂಡಿನಂತೆ ಇಲ್ಲಿಯೂ ಆರು ತಂಡಗಳೇ. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್ಬನ್ನು ಸೋಲಿಸಿ ಮೊದಲ ಪ್ರಶಸ್ತಿಯನ್ನು ಗೆದ್ದಿತು. ಆದರೆ ಆ ಆರು ತಂಡಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಗೆದ್ದ ತಂಡವಲ್ಲ, ಅಲಖಪುರದ ತಂಡ. ಅಲಖಪುರ ಹರಿಯಾಣದ ಭಿವಾನಿ ಜಿಲ್ಲೆಯ ಒಂದು ಹಳ್ಳಿ. ನಗರವಲ್ಲ, ಪಟ್ಟಣವೂ ಅಲ್ಲ. ಅಲ್ಲಿಯ ಸರ್ಕಾರಿ ಶಾಲೆಯ ಹುಡುಗಿಯರು ತಮಗೂ ಒಂದು ಆಟ ಬೇಕೆಂದು ವ್ಯಾಯಾಮ ಶಿಕ್ಷಕರನ್ನು ಕಾಡಿದರು. ಅವರು ಹುಡುಗಿಯರ ಕೈಗೆ ಒಂದು ಚೆಂಡನ್ನು ಕೊಟ್ಟರು. ಹೆಣ್ಣಿನ ತಲೆಯ ಮೇಲಿನ ಸೆರಗು ಜಾರಿದರೆ ಮಾತು ಹುಟ್ಟುವ ಸೀಮೆಯಲ್ಲಿ, ಆ ಚೆಂಡಿನಿಂದ ದೇಶದ ಮೊದಲ ಲೀಗಿನಲ್ಲಿ ಆಡುವ ತಂಡವೊಂದು ಹುಟ್ಟಿತು. ಒಬ್ಬ ಮಾಸ್ತರು ಒಂದು ಚೆಂಡನ್ನು ಕೊಟ್ಟದ್ದರ ಫಲವಿದು. ವಾಚಕರು ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಈ ಲೀಗಿನ ಕಥೆಯಲ್ಲಿ ಕರ್ನಾಟಕದ ಪಾಲೂ ಉಂಟು. ೨೦೧೯-೨೦ರ ಪಂದ್ಯಗಳು ನಡೆದದ್ದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿಯೇ. ೨೦೨೦ರ ಫೆಬ್ರವರಿ ೧೪ರಂದು ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಪ್ಸಾ ತಂಡವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿದ್ದನ್ನು ಬೆಂಗಳೂರಿನ ಜನ ಕಣ್ಣಾರೆ ಕಂಡರು. ೨೦೦೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಿಕ್‌ಸ್ಟಾರ್ಟ್ ಎಂಬ ಕ್ಲಬ್ಬು ಮಕ್ಕಳಿಗೆ ಆಟ ಕಲಿಸುವ ಶಾಲೆಯಂತೆ ಪ್ರಾರಂಭವಾಗಿ, ಮುಂದೆ ಮಹಿಳೆಯರ ತಂಡವನ್ನೂ ಕಟ್ಟಿತು. ಬಹುಕಾಲದ ಹೆಸರುಳ್ಳ, ಸಿರಿವಂತರ ಬೆಂಬಲದ ಕ್ಲಬ್ಬಲ್ಲ ಅದು. ಆದರೂ ೨೦೨೩ರಲ್ಲಿ ಅಹಮದಾಬಾದಿನಲ್ಲಿ ಹದಿನಾರು ತಂಡಗಳು ಆಡಿದ ಪಂದ್ಯಾವಳಿಯಲ್ಲಿ ಕಿಕ್‌ಸ್ಟಾರ್ಟಿನ ಹೆಣ್ಣುಮಕ್ಕಳು ಅಂತಿಮ ಪಂದ್ಯವನ್ನು ತಲುಪಿದರು. ಮೇ ೨೧ರಂದು ನಡೆದ ಆ ಪಂದ್ಯದಲ್ಲಿ ಗೋಕುಲಂ ಅವರನ್ನು ಐದು ಗೋಲುಗಳಿಂದ ಸೋಲಿಸಿತೆಂಬುದೂ ನಿಜವೇ. ಮರುವರ್ಷ, ೨೦೨೩-೨೪ರಲ್ಲಿ, ಲೀಗಿನ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಒಂದೇ ಊರಿನಲ್ಲಿ ಕೆಲವು ವಾರ ನಡೆದು ಮುಗಿಯುತ್ತಿದ್ದ ಪಂದ್ಯಗಳು, ಆ ವರ್ಷದಿಂದ ಗಂಡಸರ ಲೀಗಿನಂತೆ ತಮ್ಮ ಊರಲ್ಲೊಮ್ಮೆ ಎದುರಾಳಿಯ ಊರಲ್ಲೊಮ್ಮೆ ನಡೆಯತೊಡಗಿದವು. ಏಳು ತಂಡಗಳ ಆ ಲೀಗಿನಲ್ಲಿ ಕಿಕ್‌ಸ್ಟಾರ್ಟ್ ಒಂದು. ಒಡಿಶಾ ತಂಡ ಪ್ರಶಸ್ತಿಯನ್ನು ಗೆದ್ದಿತು. ೨೦೨೪-೨೫ರಲ್ಲಿ ಗೆದ್ದದ್ದು ಕಲಕತ್ತೆಯ ಈಸ್ಟ್ ಬೆಂಗಾಲ್. ೨೦೨೫ರ ಜುಲೈ ೫ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡಿನಲ್ಲಿಯೇ ಥಾಯ್ಲೆಂಡ್ ತಂಡವನ್ನು ಎರಡಕ್ಕೆ ಒಂದರಂತೆ ಸೋಲಿಸಿ, ಅರ್ಹತಾ ಪಂದ್ಯಗಳನ್ನು ಗೆದ್ದೇ ಏಷ್ಯಾ ಕಪ್ಪಿಗೆ ಪ್ರವೇಶ ಪಡೆದರು. ವರ್ಷವಿಡೀ ನೀರು ಕ್ರಮವಾಗಿ ಹರಿದರೆ ಫಲ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವೃತ್ತಿಪರ ಎಂಬ ಮಾತಿನ ಅರ್ಥವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಆಟವನ್ನು ಹಣಕ್ಕೆ ಮಾರಿಕೊಳ್ಳುವುದು ಎಂದು ನಮ್ಮ ಹಿರಿಯರು ಅದನ್ನು ಹೀನವಾಗಿ ಕಂಡದ್ದುಂಟು. ಹೆಣ್ಣುಮಗಳ ವಿಷಯದಲ್ಲಿ ಅದರ ಅರ್ಥ ಬೇರೆಯೇ ಆಗುತ್ತದೆ. ೨೦೨೩ರಲ್ಲಿ ಅಖಿಲ ಭಾರತ ಫೆಡರೇಷನ್, ಮಹಿಳಾ ಲೀಗಿನ ಪ್ರತಿಯೊಂದು ಕ್ಲಬ್ಬೂ ಕನಿಷ್ಠ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ತಲಾ ೩ ಲಕ್ಷ ೨೦ ಸಾವಿರ ರೂಪಾಯಿಗಳಿಗೆ ಕಡಮೆಯಿಲ್ಲದ ಸಂಬಳ ಕೊಡಬೇಕೆಂದು ನಿಯಮ ಮಾಡಿತು. ತಿಂಗಳಿಗೆ ಲೆಕ್ಕ ಹಾಕಿದರೆ ಇಪ್ಪತ್ತಾರು ಸಾವಿರದ ಚಿಲ್ಲರೆ. ಗಂಡಸರ ಆಟದ ಸಂಪಾದನೆಯ ಮುಂದೆ ಇದು ಏನೂ ಅಲ್ಲ. ಆದರೆ ‘ಇದರಿಂದ ಏನು ಬಂತು?’ ಎಂದು ಕೇಳುವ ತಂದೆಯ ಎದುರಿಗೆ ಮಗಳು ಇಡಬಹುದಾದ ಒಂದು ಉತ್ತರ ಅದು. ಗೆದ್ದ ತಂಡವೂ ಮುಚ್ಚಬಹುದೆಂದು ಎ.ಝಡ್. ಕ್ಲಬ್ಬಿನ ಕಥೆ ತಿಳಿಸಿದೆ. ಆದುದರಿಂದ ಆ ಉತ್ತರ ಇನ್ನೂ ಗಟ್ಟಿಯಾದುದಲ್ಲ. ಆದರೆ ಅದು ಹಿಂದೆ ಇರಲೇ ಇಲ್ಲ.

ಈಗ ನನ್ನ ಕಾರಣವನ್ನು ಹೇಳಬೇಕು. ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳೆಂಬ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಬಂಗಾಳಿಗಳು ಮೀನಿನ ಸಾರನ್ನೂ ದುರ್ಗಾಪೂಜೆಯನ್ನೂ ತಂದಂತೆ ಕಾಲ್ಚೆಂಡಿನ ಮೋಹವನ್ನೂ ತಂದರು. ೨೦೦೬ರಲ್ಲಿ ನಾನು ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ನಮ್ಮ ಶಾಲೆಯ ಹುಡುಗಿಯರಿಗೆ ಖೋಖೋ, ಕಬಡ್ಡಿ, ಥ್ರೋಬಾಲ್ ಇದ್ದವು, ಕಾಲ್ಚೆಂಡು ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕೂಲಿಕಾರರ ಮಗಳು. ಕ್ಯಾಂಪಿನ ಹುಡುಗರೊಡನೆ ಆಡಿ ಕಲಿತಿದ್ದಳು. ಅವರು ಕೊಟ್ಟಿದ್ದ ಒಂದು ಸವೆದ ಚೆಂಡನ್ನು ಪಾಟಿಚೀಲದೊಡನೆ ತರುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಗಂಡುಹುಡುಗರ ನಡುವೆ ಅವಳು ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುವುದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಊರವರು ಕೆಲವರು ಆಡಿಕೊಂಡರು. ಅವಳ ತಂದೆ ಬಂದು, “ಮಾಸ್ತರ್ರೇ, ಚಂಡು ಒದ್ರ ಹೊಟ್ಟಿ ತುಂಬತೈತೇನ್ರಿ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಉತ್ತರವಿಲ್ಲದಿದ್ದಾಗ ಮಾಸ್ತರರು ಮಾಡುವುದನ್ನೇ ನಾನೂ ಮಾಡಿದೆ. ಅವಳನ್ನು ಕರೆದು, “ಎಸ್.ಎಸ್.ಎಲ್.ಸಿ. ಮುಗಿಯಲಿ, ಆಮೇಲೆ ಕೊಡುತ್ತೇನೆ” ಎಂದು ಹೇಳಿ ಚೆಂಡನ್ನು ಇಸಿದುಕೊಂಡು ಶಿಕ್ಷಕರ ಕೊಠಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆಟವನ್ನು ಬಿಡಿಸಿದರೆ ಓದು ಉಳಿಯುತ್ತದೆಂದು ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಮೊದಲು ಅವಳು ಬಿಡುವಿನಲ್ಲಿ ಹೊರಗೆ ಬರುವುದನ್ನು ನಿಲ್ಲಿಸಿದಳು. ಆಮೇಲೆ ವಾರಕ್ಕೆ ಎರಡು ದಿನ ತಪ್ಪಿಸತೊಡಗಿದಳು. ಹತ್ತನೆಯ ತರಗತಿಯ ವರ್ಷ ಭತ್ತದ ನಾಟಿಯ ಕಾಲಕ್ಕೆ ಹೊಲಕ್ಕೆ ಹೋದವಳು ಮತ್ತೆ ಬರಲಿಲ್ಲ, ಪರೀಕ್ಷೆಗೆ ಕೂಡಲಿಲ್ಲ. ಅವಳನ್ನು ಪ್ರತಿದಿನ ಶಾಲೆಗೆ ಎಳೆದು ತರುತ್ತಿದ್ದುದು ನನ್ನ ಸಂಧಿ ಸಮಾಸಗಳಲ್ಲ, ಆ ಚೆಂಡು ಎಂಬುದು ನನಗೆ ತಿಳಿಯುವ ಹೊತ್ತಿಗೆ ಬೀಗದ ಕೈ ನನ್ನಲ್ಲಿಯೇ ಉಳಿದಿತ್ತು. ಕೆಲವು ಕಾಲದಲ್ಲಿ ನನಗೆ ವರ್ಗವಾಯಿತು. ಚೆಂಡು ಅಲ್ಲಿಯೇ ಉಳಿಯಿತು.

ಕಳೆದ ಜೂನಿನಲ್ಲಿ ನಮ್ಮ ಈಗಿನ ಶಾಲೆಗೆ ಒಬ್ಬ ತಾಯಿ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಮಸ್ಕಿಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳಂತೆ. “ಗುರ್ತು ಸಿಗಲಿಲ್ಲೇನ್ರಿ ಸರ?” ಎಂದಳು. ಸಿಕ್ಕಿತು. ಅರ್ಜಿಯನ್ನು ತುಂಬಿ, ಹೆಬ್ಬೆಟ್ಟನ್ನೊತ್ತದೆ ತನ್ನ ಹೆಸರನ್ನು ನಿಧಾನವಾಗಿ ಬರೆದು ಸಹಿ ಮಾಡಿದಳು. ಹೋಗುವಾಗ ನಗುತ್ತಲೇ ಕೇಳಿದಳು: “ಅವತ್ತು ಇಸಗೊಂಡ ಚಂಡು ಏನ್ ಮಾಡಿದ್ರಿ ಸರ?” ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು ವಾಚಕರಿಗೆ ತಿಳಿದದ್ದೇ. ೧೯೧೫ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡರು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನ ಹೆಸರೇ ಕೊರೆದಿರುವ ಶಾಸನ ಮೊಟ್ಟಮೊದಲು ದೊರೆತದ್ದು ಅಲ್ಲಿ. ಎಲ್ಲರೂ ಆ ಹೆಸರನ್ನು ನೋಡಿ ಬರುತ್ತಾರೆ. ಆದರೆ ಶಾಸನದ ಸಾರ ಬೇರೆ. ದೊಡ್ಡವರು ಮಾತ್ರ ಇದನ್ನು ಸಾಧಿಸಬಲ್ಲರೆಂದು ತಿಳಿಯಬೇಡಿರಿ. ಧರ್ಮನಿಷ್ಠನಾದ ಚಿಕ್ಕವನಿಗೂ ಇದು ಸಾಧ್ಯ. ಚಿಕ್ಕವರಿಗೂ ದೊಡ್ಡವರಿಗೂ ಈ ಮಾತನ್ನು ಹೇಳಿರಿ ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲದಿಂದ ಆ ಮಾತು ನಮ್ಮ ಊರಿನಲ್ಲಿಯೇ ಇದೆ. ಪ್ರತಿ ವರ್ಷವೂ ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ಓದಿಸಿ ಅರ್ಥ ಹೇಳುತ್ತ ಬಂದಿದ್ದೇನೆ. ಹೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಈಗ ಪ್ರತಿ ಶನಿವಾರ ಪಾಠ ಮುಗಿದ ಮೇಲೆ ನಮ್ಮ ಶಾಲೆಯ ಬಯಲಿನ ಅರ್ಧಭಾಗ ಹುಡುಗಿಯರದು. ನಮ್ಮ ವ್ಯಾಯಾಮ ಶಿಕ್ಷಕರು ಕಲಿಸುತ್ತಾರೆ. ಹದಿನಾಲ್ಕು ಮಂದಿ ಬರುತ್ತಾರೆ. ಆರು ಜೊತೆ ಬೂಟುಗಳಿವೆ. ಸರದಿಯ ಮೇಲೆ ಹಾಕಿಕೊಳ್ಳುತ್ತಾರೆ. ನೆಲ ಎರೆಮಣ್ಣಿನದಾದ್ದರಿಂದ ಮಳೆ ಬಂದರೆ ಎರಡು ವಾರ ಆಟವಿಲ್ಲ. ಇವರಲ್ಲಿ ಯಾರಾದರೂ ಬೆಂಗಳೂರಿನ ಕ್ಲಬ್ಬಿಗೆ ಹೋಗುವರೆಂದು ನಾನು ಬರೆಯಲಾರೆ. ಈ ಹದಿನಾಲ್ಕು ಮಂದಿಯೂ ಸೋಮವಾರ ತಪ್ಪದೆ ತರಗತಿಗೆ ಬರುತ್ತಾರೆಂದು ಮಾತ್ರ ಹಾಜರಿ ಪುಸ್ತಕವನ್ನು ನೋಡಿ ಬರೆಯಬಲ್ಲೆ. ಈ ಪುಟವನ್ನು ಓದುತ್ತಿರುವವರಲ್ಲಿ ನನ್ನಂತಹ ಶಿಕ್ಷಕರು ಅನೇಕರಿರಬಹುದು. ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕೊಠಡಿಯ ಬೀರುವನ್ನು ಒಮ್ಮೆ ತೆರೆದು ನೋಡಿ. ಯಾವ ಹುಡುಗಿಯಿಂದಾದರೂ ಇಸಿದುಕೊಂಡು ಇಟ್ಟ ಚೆಂಡು ಅಲ್ಲಿದ್ದರೆ, ಪರೀಕ್ಷೆಯವರೆಗೆ ಕಾಯದೆ, ಇಂದೇ ಹಿಂದಕ್ಕೆ ಕೊಟ್ಟುಬಿಡಿ.